ತಮ್ಮನಿಗೆ ಕೊಟ್ಟ ಕೈಗಡ: ಯಾವಾಗ ಕೇಳಬೇಕು, ಹೇಗೆ ಕೇಳಬೇಕು?

ಪ್ರಶ್ನೆ: ನಾನು ವಿಜಯಪುರದಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ತವರು ತಿಕೋಟಾ ತಾಲ್ಲೂಕಿನ ಒಂದು ಹಳ್ಳಿ. 2023ರ ಅಕ್ಟೋಬರ್‌ನಲ್ಲಿ ನನ್ನ ತಮ್ಮ ಒಣದ್ರಾಕ್ಷಿ ಶೆಡ್ ಹಾಕಿಸಲು 4 ಲಕ್ಷ ರೂಪಾಯಿ ಕೇಳಿದ. ಶಿಕ್ಷಕರ ಪತ್ತಿನ ಸಂಘದಲ್ಲಿ ನನ್ನ ಹೆಸರಿಗೆ ಸಾಲ ತೆಗೆದು ಅವನ ಖಾತೆಗೆ ಹಾಕಿದೆ. ‘ಮಾಲು ಮಾರಿದ ಕೂಡಲೇ ಕೊಡುತ್ತೇನೆ ಅಕ್ಕಾ’ ಎಂದಿದ್ದ. ಮೊದಲ ವರ್ಷ ಅಕಾಲಿಕ ಮಳೆಗೆ ಮಾಲು ಕಪ್ಪಾಯಿತು. ಎರಡನೇ ವರ್ಷ ದರ ಇಲ್ಲ ಎಂದ. ಈ ವರ್ಷ ಒಳ್ಳೆಯ ಮಾಲು ಬಂದು ಕೋಲ್ಡ್ ಸ್ಟೋರೇಜ್‌ನಲ್ಲಿದೆ, ಆದರೂ ಮಾತಿಲ್ಲ. ಮಗನ ಜಾವಳಕ್ಕೆ ಮಾತ್ರ ಊರಿಗೆಲ್ಲ ಊಟ ಹಾಕಿಸಿದ. ನನ್ನ ಸಂಬಳದಲ್ಲಿ ತಿಂಗಳಿಗೆ 9 ಸಾವಿರ ಕಡಿತವಾಗುತ್ತಿದೆ. ಯಜಮಾನರು ದಿನಾ ಚುಚ್ಚುತ್ತಾರೆ. ಅವ್ವನಿಗೆ ಹೇಳಿದರೆ ‘ಒಡಹುಟ್ಟಿದವನ ಹತ್ತಿರ ಲೆಕ್ಕ ಮಾಡುತ್ತೀಯಾ’ ಎನ್ನುತ್ತಾಳೆ. ಬೇಸರಕ್ಕೆ ಕಳೆದ ನಾಗರಪಂಚಮಿಗೆ ತವರಿಗೆ ಹೋಗಲಿಲ್ಲ. ಈಗ ತಮ್ಮ, ತೀರಿಹೋದ ಅಪ್ಪನ ಹೊಲದ ಹಕ್ಕುಬಿಡುಗಡೆ ಪತ್ರಕ್ಕೆ ನಾವಿಬ್ಬರು ಅಕ್ಕಂದಿರೂ ಸಹಿ ಹಾಕಬೇಕು ಎನ್ನುತ್ತಿದ್ದಾನೆ. ದುಡ್ಡು ಬರುವವರೆಗೆ ಸಹಿ ಹಾಕಬೇಡ ಎಂದು ಯಜಮಾನರ ಹಟ. ನಾನು ಏನು ಮಾಡಲಿ?

ಉತ್ತರ: ಕೇಳಿ, ತಾಯೀ. ಅವನಾಗಿಯೇ ಕೊಟ್ಟಾನು ಎಂದು ಇನ್ನು ಕಾಯಬೇಡಿ. ಈ ತಿಂಗಳೊಳಗೆ, ನೀವೇ ಹೋಗಿ, ಎದುರು ಕೂತು ಕೇಳಿ. ಕೇಳಿದರೆ ಸಂಬಂಧ ಕೆಡುತ್ತದೆ ಎಂಬ ಭಯದಲ್ಲಿ ಎರಡೂವರೆ ವರ್ಷ ಬಾಯಿ ಕಟ್ಟಿಕೊಂಡಿರಿ. ಅಷ್ಟರಲ್ಲಿ ಪಂಚಮಿಗೆ ತವರಿಗೆ ಹೋಗುವುದೇ ನಿಂತಿತು. ಒಂದು ಮಾತೂ ಆಡದೆ ಇಷ್ಟು ದೂರವಾಗಿದ್ದೀರಿ ಎಂದಮೇಲೆ, ಕಾಪಾಡುತ್ತದೆ ಎಂದುಕೊಂಡ ಮೌನವೇ ನಿಮ್ಮನ್ನು ದೂರ ಮಾಡಿದೆ. ಸಹಕಾರಿ ಬ್ಯಾಂಕಿನ ಸಾಲ ವಿಭಾಗದಲ್ಲಿ ದುಡಿದು, ನಿವೃತ್ತಿಯ ನಂತರ ಕುಟುಂಬಗಳ ನಡುವೆ ಸಂಧಾನಕ್ಕೆ ಕೂರುತ್ತಿರುವವನು ನಾನು. ಕೇಳಿದ್ದರಿಂದ ಮುರಿದ ನಂಟು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ಕೇಳದೆ ಒಳಗೊಳಗೇ ಕುದಿದು, ಕೊನೆಗೊಂದು ದಿನ ಮದುವೆ ಮನೆಯಲ್ಲೋ ತಿಥಿಯ ಪಂಕ್ತಿಯಲ್ಲೋ ಸಿಡಿದು ಮುರಿದವೇ ಹೆಚ್ಚು.

ಹೋಗುವ ಮೊದಲು ನಿಮ್ಮ ತಮ್ಮನ ವರ್ಷ ಹೇಗೆ ನಡೆಯುತ್ತದೆ ಎಂಬುದನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಿ. ನಿಮಗೆ ತಿಂಗಳಿಗೊಮ್ಮೆ ಸಂಬಳ, ಅವನಿಗೆ ವರ್ಷಕ್ಕೊಂದು ಮಾಲು. ಸಂಬಳದ ಮನೆಗೂ ಒಕ್ಕಲುತನದ ಮನೆಗೂ ನಡುವಿನ ಮುಕ್ಕಾಲು ಪಾಲು ಮನಸ್ತಾಪ ಇಲ್ಲಿಂದಲೇ ಹುಟ್ಟುತ್ತದೆ. ಅಕ್ಟೋಬರ್‌ನಲ್ಲಿ ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಮಾಡಿದ ದಿನದಿಂದ ದ್ರಾಕ್ಷಿ ಬೆಳೆಗಾರನ ಕೈಯಿಂದ ಹಣ ಹೋಗುತ್ತಲೇ ಇರುತ್ತದೆ. ಔಷಧಿ, ಗೊಬ್ಬರ, ಆಳಿನ ಕೂಲಿ, ನೀರು. ಫೆಬ್ರುವರಿಯಿಂದ ಕಟಾವು. ಒಣದ್ರಾಕ್ಷಿ ಮಾಡುವವನಾದರೆ ಗೊನೆಗಳನ್ನು ದ್ರಾವಣದಲ್ಲಿ ಅದ್ದಿ, ಶೆಡ್ಡಿನೊಳಗೆ ಬಲೆಯ ಅಟ್ಟಗಳ ಮೇಲೆ ಹರವಿ, ಎರಡು ವಾರ ಆಕಾಶ ನೋಡುತ್ತ ಕೂರಬೇಕು. ಆ ಎರಡು ವಾರದಲ್ಲಿ ಒಂದು ಮಳೆ ಬಂತೆಂದರೆ ಹಸಿರು ಬಂಗಾರದ ಬಣ್ಣದ ಮಾಲು ಕಪ್ಪಾಗಿ ದರ ಬಿದ್ದುಹೋಗುತ್ತದೆ. ಸುಮಾರು ನಾಲ್ಕು ಕಿಲೋ ಹಸಿ ಹಣ್ಣು ಒಣಗಿ ಒಂದು ಕಿಲೋ ಆಗುತ್ತದೆ. ಅದನ್ನೂ ಕೂಡಲೇ ಮಾರುವುದಿಲ್ಲ. ಕೋಲ್ಡ್ ಸ್ಟೋರೇಜ್‌ನಲ್ಲಿಟ್ಟು, ವಿಜಯಪುರದ ಎಪಿಎಂಸಿಯಲ್ಲೋ ಸಾಂಗಲಿ, ತಾಸಗಾಂವ್‌ನಲ್ಲೋ ದರ ನೋಡಿಕೊಂಡು ಹಂತ ಹಂತವಾಗಿ ಬಿಡುತ್ತಾರೆ. ಹಾಗಾಗಿ ಅವನ ಕೈಯಲ್ಲಿ ಹಣ ಆಡುವುದು ಬೇಸಿಗೆಯ ಕೊನೆಯಿಂದ ದೀಪಾವಳಿಯವರೆಗೆ. ಡಿಸೆಂಬರ್‌ನಲ್ಲಿ ಕೇಳಿದರೆ ‘ಇಲ್ಲ ಅಕ್ಕಾ’ ಎಂಬ ಉತ್ತರ ಸುಳ್ಳಾಗಿರುವುದಿಲ್ಲ, ಆದರೆ ನಿಮಗೆ ಸುಳ್ಳಿನಂತೆ ಕೇಳಿಸುತ್ತದೆ. ಈ ತಿಂಗಳೇ ಕೇಳಿ ಎಂದು ನಾನು ಅವಸರ ಮಾಡುವುದು ಇದಕ್ಕೇ. ಮಾಲು ಇನ್ನೂ ಒಳಗಿದೆ. ಮಾರಿದ ಮೇಲೆ ಆ ಹಣಕ್ಕೆ ದಾರಿ ತೋರಿಸುವವರು ಬಹಳ ಜನ ಇರುತ್ತಾರೆ.

ಅವರು ಯಾರು ಎಂಬುದನ್ನೂ ನೋಡಿ. ಔಷಧಿ ಅಂಗಡಿಯ ಉದ್ರಿ ಇರುತ್ತದೆ. ಅದನ್ನು ತೀರಿಸದಿದ್ದರೆ ಮುಂದಿನ ಚಾಟ್ನಿಗೆ ಔಷಧಿ ಸಿಗುವುದಿಲ್ಲ. ಮಾಲು ಮಾರಿಸಿಕೊಡುವ ಅಡತಿ ಅಂಗಡಿಯವರು ಮುಂಗಡ ಕೊಟ್ಟಿದ್ದರೆ ಮಾರಾಟದ ಲೆಕ್ಕಪಟ್ಟಿ ಬರೆಯುವಾಗಲೇ ಮುರಿದುಕೊಳ್ಳುತ್ತಾರೆ. ಪ್ರಾಥಮಿಕ ಕೃಷಿ ಪತ್ತಿನ ಸಂಘದ ಶೂನ್ಯ ಬಡ್ಡಿಯ ಬೆಳೆಸಾಲವನ್ನು ಗಡುವಿನೊಳಗೆ ತುಂಬದಿದ್ದರೆ ಬಡ್ಡಿ ಬೀಳುತ್ತದೆ, ಮುಂದಿನ ಸಾಲಕ್ಕೂ ತೊಡಕು. ಬಂಗಾರ ಒತ್ತೆ ಇಟ್ಟಿದ್ದರೆ ಅದರ ನೋಟಿಸು ಮನೆ ಬಾಗಿಲಿಗೇ ಬರುತ್ತದೆ. ಇವರೆಲ್ಲರಿಗೂ ಒಂದೊಂದು ತಾರೀಖು ಇದೆ, ತಪ್ಪಿದರೆ ಒಂದೊಂದು ದಂಡ ಇದೆ. ನಿಮ್ಮ 4 ಲಕ್ಷಕ್ಕೆ ತಾರೀಖೂ ಇಲ್ಲ, ದಂಡವೂ ಇಲ್ಲ, ಕೇಳುವ ಬಾಯಿಯೂ ಇಲ್ಲ.

ಒಂದು ಸಂಧಾನದಲ್ಲಿ ನಡೆದದ್ದನ್ನು ಹೇಳುತ್ತೇನೆ. ಜಮಖಂಡಿ ಕಡೆಯ ಒಬ್ಬ ಕಬ್ಬು ಬೆಳೆಗಾರ, ಅವನಿಗೆ ಸಾಲ ಕೊಟ್ಟ ಅಕ್ಕ ಮತ್ತು ಭಾವ. ‘ನಿನಗೆ ಒಟ್ಟು ಸಾಲ ಎಷ್ಟಿದೆಯಪ್ಪಾ’ ಎಂದು ಕೇಳಿದೆ. ಅವನು ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದ ತೆಗೆದ. ಮಡಿಕೆಯ ಗೆರೆಗಳಲ್ಲಿ ಹರಿದು ಜಾಲಿಯಾಗಿದ್ದ ಕಾಗದ. ಸಕ್ಕರೆ ಕಾರ್ಖಾನೆಯ ಬಿಲ್ಲು ಬಂದಾಗ ಯಾರಿಗೆ ಎಷ್ಟು ಎಂದು ಒಂದರ ಕೆಳಗೊಂದು ಬರೆದುಕೊಂಡಿದ್ದ. ಬ್ಯಾಂಕು, ಸಂಘ, ಗೊಬ್ಬರದಂಗಡಿ, ಟ್ರ್ಯಾಕ್ಟರ್ ಕಂತು, ಊರಿನ ಇಬ್ಬರು ಸಾಹುಕಾರರು, ಕೊನೆಗೆ ಕಿರಾಣಿ ಅಂಗಡಿಯ 1,800 ರೂಪಾಯಿ ಕೂಡ. ಅಕ್ಕನ ಹೆಸರು ಎಲ್ಲೂ ಇರಲಿಲ್ಲ. ಅಕ್ಕ ಆ ಕಾಗದವನ್ನು ಎರಡು ಸಲ ಓದಿ ಕೆಳಗಿಟ್ಟಳು. ಅವನಿಗೆ ಮೋಸ ಮಾಡುವ ಮನಸ್ಸು ಇರಲಿಲ್ಲ, ಇದನ್ನು ನಾನು ಖಚಿತವಾಗಿ ಹೇಳಬಲ್ಲೆ. ಕೇಳುವವರ ಪಟ್ಟಿಯನ್ನು ಅವನು ಬರೆದಿದ್ದ, ಅಕ್ಕ ಕೇಳಿರಲಿಲ್ಲ. ಅಂದೇ ಅವನ ಕೈಯಿಂದಲೇ ಆ ಪಟ್ಟಿಯಲ್ಲಿ ಅಕ್ಕನ ಹೆಸರು ಬರೆಸಿದೆವು. ಮುಂದಿನ ಕಬ್ಬಿನ ಬಿಲ್ಲಿನಲ್ಲಿ ಅವಳಿಗೆ ಮೊದಲ ಕಂತು ಬಂತು.

ನಿಮ್ಮ ಕೆಲಸವೂ ಅಷ್ಟೇ: ಆ ಪಟ್ಟಿಯಲ್ಲಿ ನಿಮ್ಮ ಹೆಸರು ಏರಬೇಕು.

ಎಲ್ಲಿ ಕೇಳಬೇಕು ಎಂಬುದು ಸಣ್ಣ ವಿಷಯವಲ್ಲ. ಮೊಬೈಲಿನಲ್ಲಿ ಬೇಡ. ಸಂದೇಶ ಕಳಿಸುವುದಂತೂ ಬೇಡವೇ ಬೇಡ, ಅದನ್ನು ಅವನ ಹೆಂಡತಿಯೂ ಓದುತ್ತಾಳೆ, ಓದಿದವರು ತಮಗೆ ತೋಚಿದ ಧ್ವನಿಯಲ್ಲಿ ಓದಿಕೊಳ್ಳುತ್ತಾರೆ. ಅವ್ವನ ಎದುರು ಬೇಡ, ಆಳುಗಳ ಎದುರು ಬೇಡ, ನಿಮ್ಮ ಯಜಮಾನರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬೇಡ. ಗಂಡಸು ನಾಲ್ಕು ಜನರ ಮುಂದೆ ‘ಕೊಡಲಾಗಲಿಲ್ಲ’ ಎನ್ನುವುದಕ್ಕಿಂತ ಜಗಳವನ್ನೇ ಆರಿಸಿಕೊಳ್ಳುತ್ತಾನೆ. ಒಂದು ಭಾನುವಾರ ಬೆಳಿಗ್ಗೆ ಬಸ್ ಹತ್ತಿ ಹೋಗಿ. ಉಪ್ಪಿಟ್ಟು ತಿಂದು, ಮಕ್ಕಳನ್ನು ಮಾತನಾಡಿಸಿ, ‘ತೋಟ ತೋರಿಸು ನಡೆ’ ಎಂದು ಅವನನ್ನು ಹೊರಗೆ ಕರೆದುಕೊಂಡು ಹೋಗಿ. ನಿಮ್ಮ ದುಡ್ಡಿನಿಂದ ಎದ್ದ ಆ ಶೆಡ್ಡನ್ನು ನೀವು ಇನ್ನೂ ಸರಿಯಾಗಿ ನೋಡಿಲ್ಲದಿರಬಹುದು. ಮೊದಲು ಅದನ್ನು ನೋಡಿ, ಈ ವರ್ಷದ ಮಾಲಿನ ಬಗ್ಗೆ ಕೇಳಿ, ಅವನು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.

ಆಮೇಲೆ ಪೀಠಿಕೆ ಬೇಡ. ಹೀಗೆ ಹೇಳಬಹುದು: ‘ತಮ್ಮಾ, ನಾನು ಕೊಟ್ಟ 4 ಲಕ್ಷದ ಬಗ್ಗೆ ಮಾತಾಡಲು ಬಂದಿದ್ದೇನೆ. ಅದು ನನ್ನ ಉಳಿತಾಯದ ಹಣವಲ್ಲ, ಸಂಘದಲ್ಲಿ ನಾನು ತೆಗೆದ ಸಾಲ. ಪ್ರತಿ ತಿಂಗಳು ಸಂಬಳದಲ್ಲಿ 9 ಸಾವಿರ ಹೋಗುತ್ತಿದೆ. ನಿನಗೆ ಎರಡು ವರ್ಷ ಕಷ್ಟವಾಯಿತು, ಅದಕ್ಕೇ ನಾನು ಸುಮ್ಮನಿದ್ದೆ. ಈ ಸಲದ ಮಾಲಿನಲ್ಲಿ ನನಗೆ ಎಷ್ಟು ಕೊಡಬಲ್ಲೆ, ಯಾವಾಗ ಕೊಡಬಲ್ಲೆ, ನೀನೇ ಹೇಳು.’ ಇಷ್ಟು ಹೇಳಿ ಸುಮ್ಮನಾಗಿ. ಈ ಸುಮ್ಮನಾಗುವುದೇ ಕಷ್ಟ. ಅವನ ಮುಖ ಬಾಡಿದ್ದನ್ನು ನೋಡಿ ‘ಇರಲಿ ಬಿಡು, ಆದಾಗ ಕೊಡು’ ಎಂದು ನೀವೇ ಬಾಯಿ ಹಾಕಿಬಿಡುತ್ತೀರಿ. ಹಾಗೆ ಹೇಳಿದರೆ ಬಂದ ಕೆಲಸ ಕೆಟ್ಟಿತು. ಅವನು ಯೋಚಿಸಲಿ, ನೀವು ಬಳ್ಳಿಗಳನ್ನು ನೋಡುತ್ತ ನಿಲ್ಲಿ.

ಸಂಘದ ಸಾಲದ ಮಾತನ್ನು ಬೇಕೆಂದೇ ಮೊದಲಿಗೆ ಇಟ್ಟಿದ್ದೇನೆ. ನಿಮ್ಮ ಪತ್ರ ಓದಿದಾಗ ನನಗೆ ಬಂದ ಸಂಶಯ ಇದು: ಆ ಹಣ ಎಲ್ಲಿಂದ ಬಂತು ಎಂದು ತಮ್ಮನಿಗೆ ಗೊತ್ತೇ ಇಲ್ಲವೇನೋ. ‘ಅಕ್ಕನಿಗೆ ಸರ್ಕಾರಿ ಸಂಬಳ ಇದೆ, ಅವಳಿಗೇನು ಅವಸರ’ ಎಂದು ಅವನು ತಿಳಿದಿದ್ದರೆ ಆ ತಿಳಿವಳಿಕೆ ಬೆಳೆಯಲು ಬಿಟ್ಟವರು ನೀವು. ಇಲ್ಲಿಯ ತನಕ ಎರಡೂವರೆ ಲಕ್ಷಕ್ಕೂ ಹೆಚ್ಚು ನಿಮ್ಮ ಸಂಬಳದಿಂದ ಕಡಿತವಾಗಿದೆ. ಕಡಿತದ ವಿವರ ಇರುವ ಒಂದು ವೇತನ ಚೀಟಿಯನ್ನು ಪರ್ಸಿನಲ್ಲಿ ಇಟ್ಟುಕೊಂಡು ಹೋಗಿ. ತೋರಿಸುವ ಅಗತ್ಯ ಬಂದರೆ ಮಾತ್ರ ತೆಗೆಯಿರಿ.

ಜಾವಳದ ಊಟದ ಮಾತು ಎತ್ತಲೇಬೇಡಿ. ನಿಮ್ಮ ನೋವು ನ್ಯಾಯವಾದದ್ದೇ. ಅಕ್ಕನ ಸಾಲ ಬಾಕಿ ಇಟ್ಟುಕೊಂಡು ಊರಿಗೆ ಊಟ ಹಾಕಿಸಿದ್ದು ತಪ್ಪು, ನನಗೂ ಸಿಟ್ಟು ಬಂತು. ಆದರೆ ಅದನ್ನು ಎತ್ತಿದ ಕ್ಷಣ ಮಾತು ಹಣದಿಂದ ಹೊರಳಿ ಅವನ ಮಗ, ಅವನ ಹೆಂಡತಿ, ಅವನ ಮಾನದ ಮೇಲೆ ಹೋಗುತ್ತದೆ. ಅಲ್ಲಿಂದ ಅದು ಹಣಕ್ಕೆ ಮರಳುವುದಿಲ್ಲ.

ಅವನು ‘ತಿಂಗಳಿಗೆ ಇಷ್ಟಿಷ್ಟು ಕೊಡುತ್ತೇನೆ’ ಎಂದರೆ ಒಪ್ಪಬೇಡಿ. ತಿಂಗಳ ಆದಾಯ ಇಲ್ಲದವನು ತಿಂಗಳ ಕಂತಿನ ಮಾತು ಕೊಟ್ಟರೆ ಎರಡನೇ ತಿಂಗಳಿಗೇ ತಪ್ಪುತ್ತಾನೆ. ತಪ್ಪಿದ ನಾಚಿಕೆಗೆ ನಿಮ್ಮ ಕರೆ ಎತ್ತುವುದನ್ನು ಬಿಡುತ್ತಾನೆ. ಮಾಲಿಗೆ ತಕ್ಕ ಹಾಗೆ ಕೇಳಿ: ಈ ಸಲದ ಮಾರಾಟದಲ್ಲಿ ಇಷ್ಟು, ಮುಂದಿನ ಸುಗ್ಗಿಯಲ್ಲಿ ಇಷ್ಟು. ಈ ವರ್ಷ ಒಂದೂವರೆ ಲಕ್ಷ ಬಂದರೂ ನಿಮ್ಮ ಸಂಘದ ಸಾಲದ ಬೆನ್ನು ಮುರಿಯುತ್ತದೆ. ಕೊಡುವುದನ್ನು ಖಾತೆಗೇ ಹಾಕಲಿ. 20 ಸಾವಿರ ರೂಪಾಯಿ ಹಾಗೂ ಅದಕ್ಕಿಂತ ಹೆಚ್ಚಿನ ಸಾಲದ ಕೊಡು-ಕೊಳ್ಳುವಿಕೆಯನ್ನು ನಗದಿನಲ್ಲಿ ಮಾಡುವುದಕ್ಕೆ ಆದಾಯ ತೆರಿಗೆ ಕಾನೂನಿನ ನಿರ್ಬಂಧ ಇದೆ, ಮೇಲಾಗಿ ಖಾತೆಯ ದಾಖಲೆ ನಾಳೆ ಇಬ್ಬರನ್ನೂ ಉಳಿಸುತ್ತದೆ.

ಇನ್ನು ಕಾಗದದ ವಿಷಯ. ಇಲ್ಲಿ ನೀವು ಮುಜುಗರ ಪಡುತ್ತೀರಿ ಎಂದು ಗೊತ್ತು, ಆದರೂ ಓದಿ. ಅವಧಿ ಗೊತ್ತುಮಾಡದೆ ಕೊಟ್ಟ ಕೈಗಡವನ್ನು ವಸೂಲಿ ಮಾಡಲು ದಾವೆ ಹೂಡುವ ಕಾಲಮಿತಿ, ಕೊಟ್ಟ ದಿನದಿಂದ ಮೂರು ವರ್ಷ. ನಿಮ್ಮದು ಈ ಅಕ್ಟೋಬರ್‌ಗೆ ಮುಗಿಯುತ್ತದೆ. ನೀವು ತಮ್ಮನ ಮೇಲೆ ದಾವೆ ಹೂಡುವವರಲ್ಲ, ಹೂಡಿ ಎಂದು ನಾನೂ ಹೇಳುತ್ತಿಲ್ಲ. ಆದರೆ ಕಾಲ ಮುಗಿಯುವ ಮುಂಚೆ ‘ಅಕ್ಕನಿಂದ ಇಂಥ ದಿನ ಇಷ್ಟು ಹಣ ಪಡೆದಿದ್ದೇನೆ, ಇಷ್ಟು ಬಾಕಿ ಇದೆ’ ಎಂದು ಅವನು ಬರೆದು ಸಹಿ ಮಾಡಿದರೆ ಅಲ್ಲಿಂದ ಮತ್ತೆ ಮೂರು ವರ್ಷ ಲೆಕ್ಕಕ್ಕೆ ಬರುತ್ತದೆ. ಒಂದು ಭಾಗವನ್ನು ಹಿಂದಿರುಗಿಸಿ ಅದರ ಬಗ್ಗೆ ಅವನ ಬರಹ ಅಥವಾ ಸಹಿ ಇದ್ದರೂ ಹಾಗೆಯೇ. ಇದನ್ನು ವಕೀಲರ ಭಾಷೆಯಲ್ಲಿ ಬರೆಸಬೇಡಿ. ಒಂದು ನೋಟ್‌ಬುಕ್ಕಿನ ಹಾಳೆ ಸಾಕು. ‘ಇಬ್ಬರಿಗೂ ನೆನಪಿರಲಿ, ನಾಳೆ ನಮ್ಮ ಮಕ್ಕಳು ಹೊಡೆದಾಡುವುದು ಬೇಡ’ ಎಂದು ಹೇಳಿ, ಎರಡು ಪ್ರತಿ ಬರೆದು ಇಬ್ಬರೂ ಸಹಿ ಮಾಡಿ ಒಂದೊಂದು ಇಟ್ಟುಕೊಳ್ಳಿ. ನೀವೂ ಸಹಿ ಮಾಡಿದರೆ ಅವನಿಗೆ ಅವಮಾನ ಅನ್ನಿಸುವುದು ಕಡಿಮೆ. ಬಾಕಿಯ ಮೊತ್ತದಲ್ಲಿ ಬಡ್ಡಿ ಸೇರಿಸಬೇಕೇ ಎಂಬುದನ್ನು ಮನೆಯಲ್ಲೇ ತೀರ್ಮಾನಿಸಿಕೊಂಡು ಹೋಗಿ. ನನ್ನ ಅಭಿಪ್ರಾಯದಲ್ಲಿ ಸಂಘಕ್ಕೆ ನೀವು ಕಟ್ಟಿದ ಬಡ್ಡಿಯನ್ನು ಕೇಳುವುದು ತಪ್ಪಲ್ಲ, ಬಿಡುವುದಾದರೆ ಬಿಟ್ಟಿದ್ದೇನೆ ಎಂದು ಅವನಿಗೆ ಹೇಳಿ ಬಿಡಿ. ಹೇಳದೆ ಬಿಟ್ಟ ಬಡ್ಡಿ ಮನಸ್ಸಿನಲ್ಲಿ ಉಳಿದುಕೊಳ್ಳುತ್ತದೆ.

ಅವ್ವನನ್ನು ಈ ವ್ಯವಹಾರದಿಂದ ಹೊರಗಿಡಿ. ಅವರು ಮಗನ ಮನೆಯಲ್ಲಿ ಉಣ್ಣುತ್ತಾರೆ, ಮುಪ್ಪಿನಲ್ಲಿ ಅವರ ಆಸರೆ ಅಲ್ಲಿದೆ. ‘ಒಡಹುಟ್ಟಿದವನ ಹತ್ತಿರ ಲೆಕ್ಕವೇ’ ಎನ್ನುವಾಗ ಅವರು ನಿಮ್ಮನ್ನು ಬಿಟ್ಟು ಅವನ ಪಕ್ಷ ಹಿಡಿದಿಲ್ಲ, ಮನೆಯಲ್ಲಿ ಜಗಳವಾದರೆ ಅದರ ನಡುವೆ ಬದುಕಬೇಕಾದವರು ಅವರು. ಅವರ ಮೂಲಕ ಹೇಳಿ ಕಳಿಸಿದ ಮಾತು ತಮ್ಮನಿಗೆ ತಲುಪುವಷ್ಟರಲ್ಲಿ ಅಳುವಾಗಿರುತ್ತದೆ.

ಯಜಮಾನರ ವಿಷಯದಲ್ಲಿ ನಾನು ನಿಮ್ಮ ಪರವಾಗಿ ಪೂರ್ತಿ ನಿಲ್ಲಲಾರೆ. ತಿಂಗಳಿಗೆ 9 ಸಾವಿರ ಹೋಗುವುದು ಇಬ್ಬರ ಸಂಸಾರದಿಂದ. ಸಾಲ ತೆಗೆಯುವ ಮುಂಚೆ ಅವರನ್ನು ಕೇಳಿದ್ದಿರೋ, ತೆಗೆದ ಮೇಲೆ ಹೇಳಿದಿರೋ, ಪತ್ರದಲ್ಲಿ ಬರೆದಿಲ್ಲ. ಏನೇ ಇರಲಿ, ಅವರು ಚುಚ್ಚುವುದು ಇದಕ್ಕೊಂದು ಕೊನೆ ಕಾಣದೆ. ‘ಈ ಭಾನುವಾರ ಹೋಗಿ ಮಾತಾಡುತ್ತೇನೆ, ಬಂದು ನಿಮಗೆ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ದೀಪಾವಳಿಯವರೆಗೆ ನನಗೆ ಬಿಡಿ’ ಎಂದು ಕೇಳಿಕೊಳ್ಳಿ. ಬಂದ ಮೇಲೆ ನಿಜವಾಗಿಯೂ ಎಲ್ಲವನ್ನೂ ಹೇಳಿ.

ಈಗ ಹೊಲ. ನಿಮ್ಮ ಪತ್ರದ ಕೊನೆಯ ಎರಡು ಸಾಲಿನಲ್ಲಿ ಬಂದ ಈ ವಿಷಯ ನಾಲ್ಕು ಲಕ್ಷಕ್ಕಿಂತ ದೊಡ್ಡದು. ಸಾಲ ಕೊಡುವವರೆಗೆ ಸಹಿ ಇಲ್ಲ ಎಂಬ ನಿಮ್ಮ ಯಜಮಾನರ ದಾರಿ ನನಗೆ ಒಪ್ಪಿಗೆಯಿಲ್ಲ. ನಾಳೆ ಅವನು ಎಲ್ಲಿಂದಲೋ ಬಡ್ಡಿಗೆ ತಂದು 4 ಲಕ್ಷ ಎಣಿಸಿಟ್ಟರೆ ಏನು ಮಾಡುತ್ತೀರಿ? ಮಾತಿಗೆ ಕಟ್ಟುಬಿದ್ದು ಸಹಿ ಹಾಕಬೇಕು. ನಿಮ್ಮ ಹಣ ನಿಮಗೇ ಬಂದದ್ದಕ್ಕೆ ಹೊಲದ ಪಾಲನ್ನು ಕೊಟ್ಟ ಹಾಗಾಯಿತು. ಎರಡನ್ನೂ ಬೇರೆ ಬೇರೆ ಇಡಿ, ಬೇರೆ ಬೇರೆ ದಿನ ಮಾತಾಡಿ.

ಹೊಲ ಪಿತ್ರಾರ್ಜಿತವಾಗಿದ್ದರೆ ಅದರಲ್ಲಿ ನಿಮಗೂ ನಿಮ್ಮ ಅಕ್ಕನಿಗೂ ತಮ್ಮನಷ್ಟೇ ಹಕ್ಕಿದೆ. ಕರ್ನಾಟಕ ಇದಕ್ಕೆ 1994ರಲ್ಲೇ ಕಾನೂನು ತಂದಿತ್ತು, ಆದರೆ ಅದಕ್ಕೂ ಮೊದಲು ಮದುವೆಯಾದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು. 2005ರ ಕೇಂದ್ರ ತಿದ್ದುಪಡಿಯಲ್ಲಿ ಆ ಭೇದ ಇಲ್ಲ. ಮಗಳ ಹಕ್ಕು ಹುಟ್ಟಿನಿಂದಲೇ ಬರುವುದು, ತಿದ್ದುಪಡಿ ಜಾರಿಯಾದ ದಿನ ತಂದೆ ಬದುಕಿರಬೇಕೆಂದಿಲ್ಲ ಎಂದು 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಹೊಲ ಅಪ್ಪನ ಸ್ವಯಾರ್ಜಿತವಾಗಿದ್ದು ಉಯಿಲು ಇಲ್ಲದಿದ್ದರೂ ಅವ್ವ ಮತ್ತು ಮಕ್ಕಳೆಲ್ಲರಿಗೂ ಸಮಪಾಲು. ಹಕ್ಕುಬಿಡುಗಡೆ ಪತ್ರ ಉಪನೋಂದಣಿ ಕಚೇರಿಯಲ್ಲಿ ನೋಂದಣಿಯಾಗುವ ದಸ್ತಾವೇಜು. ಒಮ್ಮೆ ನೋಂದಣಿಯಾದರೆ, ಮನಸ್ಸು ಬದಲಾಯಿತು ಎಂದು ಹಿಂದಕ್ಕೆ ಪಡೆಯಲಾಗುವುದಿಲ್ಲ. ಮೊದಲು ಆ ಹೊಲದ ಉತಾರ (ಪಹಣಿ) ತೆಗೆಸಿ ನೋಡಿ, ಯಾರ ಯಾರ ಹೆಸರಿದೆ, ಮೇಲೆ ಯಾವ ಯಾವ ಸಾಲದ ಬೋಜಾ ಇದೆ. ತಮ್ಮನಿಗೆ ಈಗಲೇ ಸಹಿ ಏಕೆ ಬೇಕು ಎಂಬುದು ಬಹುಶಃ ಅಲ್ಲೇ ತಿಳಿಯುತ್ತದೆ. ಬ್ಯಾಂಕಿನಲ್ಲಿ ಹೊಸ ಸಾಲ ತೆಗೆಯಲು ಉತಾರದಲ್ಲಿ ಒಬ್ಬನದೇ ಹೆಸರಿದ್ದರೆ ಸಲೀಸು, ಅದಕ್ಕಾಗಿಯೇ ಕೇಳುತ್ತಿರಬಹುದು. ಸಾಲಕ್ಕೆ ನಿಮ್ಮ ಒಪ್ಪಿಗೆಯಷ್ಟೇ ಸಾಕಾಗಿದ್ದರೆ ಹಕ್ಕನ್ನೇ ಬಿಡುವ ಅಗತ್ಯ ಎಲ್ಲಿದೆ?

ನಮ್ಮ ಕಡೆ ಅಕ್ಕತಂಗಿಯರು ಪಾಲು ಬಿಟ್ಟುಕೊಡುವುದು ಹೊಸದಲ್ಲ. ತವರು ಉಳಿಯಲಿ, ವರ್ಷಕ್ಕೊಮ್ಮೆ ಕರೆದು ಉಡಿ ತುಂಬಲಿ ಎಂಬ ಒಂದೇ ಆಸೆಗೆ ಎಕರೆಗಟ್ಟಲೆ ಬಿಟ್ಟವರನ್ನು ನಾನು ಬಲ್ಲೆ. ಮನಸಾರೆ ಬಿಟ್ಟವರು ನೆಮ್ಮದಿಯಾಗಿದ್ದಾರೆ. ಸಂಕೋಚಕ್ಕೆ ಬಿಟ್ಟವರು ಇಪ್ಪತ್ತು ವರ್ಷದ ನಂತರವೂ ಆ ಹೊಲದ ದಾರಿಯಲ್ಲಿ ಹೋಗುವಾಗ ಮುಖ ಆಚೆ ತಿರುಗಿಸುತ್ತಾರೆ. ನೀವು ಯಾವ ಸಾಲಿಗೆ ಸೇರಿದವರು ಎಂಬುದನ್ನು ನೀವೇ ನೋಡಿಕೊಳ್ಳಬೇಕು, ಯಜಮಾನರೂ ಅಲ್ಲ, ಅವ್ವನೂ ಅಲ್ಲ. ಅಕ್ಕನ ಜೊತೆ ಮೊದಲು ಮಾತಾಡಿ. ಅವರ ಮನಸ್ಸು ಬೇರೆಯೇ ಇರಬಹುದು, ನಿಮ್ಮ ಸಹಿ ಅವರ ಮೇಲೆ ಒತ್ತಡವಾಗಬಾರದು. ಅಲ್ಲಿಯವರೆಗೆ ತಮ್ಮನಿಗೆ ‘ಇದು ಮೂವರೂ ಅವ್ವನ ಜೊತೆ ಕೂತು ಮಾತಾಡುವ ವಿಷಯ, ಅವಸರ ಮಾಡಬೇಡ’ ಎಂದರೆ ಸಾಕು. ಮಾತು ಬಿಗಡಾಯಿಸಿದರೆ ವಿಜಯಪುರದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಅಲ್ಲಿ ಕಾನೂನು ನೆರವು ಉಚಿತ. ದಾವೆ ಹೂಡದೆಯೇ ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುವ ವ್ಯವಸ್ಥೆಯೂ ಇದೆ.

ಶ್ರಾವಣ ಬಂದಾಗ ಪಂಚಮಿಗೆ ಹೋಗಿ. ತಮ್ಮ ಒಂದು ರೂಪಾಯಿ ಕೊಟ್ಟಿರಲಿ, ಬಿಟ್ಟಿರಲಿ, ಹೋಗಿ. ಅವ್ವ ಕಟ್ಟಿದ ಉಂಡಿ ತಿನ್ನಿ, ಮಕ್ಕಳನ್ನು ಜೋಕಾಲಿಯಲ್ಲಿ ತೂಗಿ. ಅಂದು ಹಣದ ಮಾತನ್ನು ಅವನೇ ಎತ್ತಿದರೂ ‘ಇವತ್ತು ಬೇಡ’ ಎನ್ನಿ. ಹಬ್ಬಕ್ಕೆ ಹೋಗದೆ ಇರುವುದನ್ನು ನೀವು ಶಿಕ್ಷೆ ಎಂದುಕೊಂಡಿರಿ. ಅವನು ಅದನ್ನು ಅಕ್ಕನಿಗೆ ತವರು ಬೇಡವಾಯಿತು ಎಂದು ಓದಿಕೊಂಡಿರುತ್ತಾನೆ.

ಕೊನೆಯದಾಗಿ, ನೀವು ಕೇಳದಿದ್ದರೂ ಹೇಳುತ್ತೇನೆ. ಅಕ್ಟೋಬರ್ ಚಾಟ್ನಿಯ ಹೊತ್ತಿಗೆ ಅವನು ಮತ್ತೆ ಕೇಳಬಹುದು, ‘ಒಂದು ಲಕ್ಷ ಇದ್ದರೆ ನೋಡಕ್ಕಾ’ ಎಂದು. ಕೊಡುವ ಮನಸ್ಸಿಲ್ಲದಿದ್ದರೆ ಅದೇ ದಿನ, ಅದೇ ಕರೆಯಲ್ಲಿ ‘ನನ್ನಿಂದ ಆಗುವುದಿಲ್ಲ ತಮ್ಮಾ, ಸಂಘದ ಸಾಲ ಇನ್ನೂ ತೀರಿಲ್ಲ’ ಎಂದು ಹೇಳಿಬಿಡಿ. ‘ಇವರನ್ನು ಕೇಳಿ ಹೇಳುತ್ತೇನೆ’ ಎಂದು ಯಜಮಾನರ ಹೆಗಲ ಮೇಲೆ ಹಾಕಬೇಡಿ, ಭಾವನಿಗೂ ಮೈದುನನಿಗೂ ಅಲ್ಲಿಂದ ವೈರ ಶುರುವಾಗುತ್ತದೆ. ಇಂದು ಇಲ್ಲ ಎಂದರೆ ಅವನು ನಾಳೆಯೇ ಬೇರೆ ಕಡೆ ನೋಡಿಕೊಳ್ಳುತ್ತಾನೆ, ಹದಿನೈದು ದಿನ ಕಾಯಿಸಿ ಇಲ್ಲ ಎಂದರೆ ಅವನ ಔಷಧಿ ಹೊಡೆಯುವ ಹದ ತಪ್ಪುತ್ತದೆ. ಏನಾದರೂ ಕೊಡಲೇಬೇಕು ಅನ್ನಿಸಿದರೆ, ಮರಳಿ ಬರದಿದ್ದರೂ ನಿಮ್ಮ ಸಂಸಾರಕ್ಕೆ ಭಾರವಾಗದ ಐದೋ ಹತ್ತೋ ಸಾವಿರವನ್ನು ಯಜಮಾನರಿಗೆ ತಿಳಿಸಿ ಕೊಡಿ. ಇದು ಸಾಲವಲ್ಲ, ಹಿಂದಿರುಗಿಸಬೇಕಿಲ್ಲ ಎಂದು ಕೊಡುವಾಗಲೇ ಅವನಿಗೆ ಹೇಳಿ.